ಮೇಷ್ಟ್ರು ಹೊಡೆದಿರಲಿಲ್ಲ

೯ ಸೆಪ್ಟೆಂಬರ್ ೧೯೯೮, ಬುಧವಾರ. ಹಲಸೂರು.

ಅರುಳಪ್ಪ ಮೇಷ್ಟ್ರು ನನಗೆ ಹೊಡೆದಿರಲಿಲ್ಲ. ಕ್ಲಾಸಿನಲ್ಲಿ ಕೂರಲಾಗದೆ ನಾನೇ ಶಾಲೆ ಬಿಟ್ಟು, ಮೇಷ್ಟ್ರು ಹೊಡೆದರೆಂದು ಅಮ್ಮನಿಗೆ ಸುಳ್ಳು ಹೇಳಿದ್ದೆ. ಅಮ್ಮ ಅದನ್ನು ಚರ್ಚಿನವರಿಗೆಲ್ಲ ಸಾರಿದಳು. ಭಾನುವಾರದ ಧರ್ಮೋಪದೇಶಕ್ಕೆ ಮಕ್ಕಳು ಮೇಷ್ಟ್ರ ಬಳಿ ಹೋಗುವುದೇ ನಿಂತಿತು.

ಇವತ್ತು ಪಾಪನಿವೇದನೆಯಲ್ಲಿ ಹೇಳಿಬಿಟ್ಟೆ. ಫಾದರ್ ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಿಸಿ ಕಳಿಸುತ್ತಾರೆ ಅಂದುಕೊಂಡಿದ್ದೆ.

"ದೇವರು ಕ್ಷಮಿಸಿದ್ದಾನೆ ಮಗನೇ. ಆದ್ರೆ ಕೆಡಿಸಿದ ಹೆಸರನ್ನ ನೀನೇ ಸರಿಮಾಡ್ಬೇಕು. ಇಲ್ಲಿ ಕೇಳಿದ್ದನ್ನ ನಾನು ಯಾರಿಗೂ ಹೇಳೋ ಹಾಗಿಲ್ಲ," ಅಂದರು.

ಅಮ್ಮನಿಗೆ ಹೇಳಿದೆ. ಕೆನ್ನೆಗೆ ಬಿತ್ತು. "ನನ್ನ ಬಾಯಿಗೂ ಪಾಪ ಅಂಟಿಸಿದ್ಯಲ್ಲೋ!" ಎನ್ನುತ್ತಾ ನನ್ನನ್ನು ಮೇಷ್ಟ್ರ ಮನೆಗೆ ಎಳೆದುಕೊಂಡು ಹೋದಳು.

ಮೇಷ್ಟ್ರು ಎಲ್ಲ ಕೇಳಿ ನನ್ನನ್ನು ಹತ್ತಿರ ಕರೆದರು.

"ಹೊಡೀಲಿಲ್ಲ, ನಿಜ. ಆದ್ರೆ ಎರಡು ಬಾರಿಸ್ಬೇಕಿತ್ತು ಅಂತ ಆಮೇಲೆ ತುಂಬಾ ಸಲ ಅಂದ್ಕೊಂಡೆ ಕಣೋ. ಅದನ್ನೂ ಪಾಪನಿವೇದನೇಲಿ ಹೇಳಿ ಬಂದಿದ್ದೀನಿ."

ಅಮ್ಮ ಅಳುತ್ತಲೇ ನಕ್ಕಳು.

ಭಾನುವಾರ ಪೂಜೆಯಾದ ಮೇಲೆ ತಾನೇ ಎಲ್ಲರಿಗೂ ಹೇಳುತ್ತಾಳಂತೆ. ಬೇಡ ಅಂದೆ. ಸುಳ್ಳು ನನ್ನದು. ಕೆನ್ನೆ ಇನ್ನೂ ಉರಿಯುತ್ತಿದೆ, ಆದರೆ ಯಾರ ಮುಂದೆಯೂ ತಲೆ ತಗ್ಗಿಸಬೇಕು ಅನಿಸುತ್ತಿಲ್ಲ. ನಾಳೆ ಬೆಳಗಿನ ಪೂಜೆ ಮುಗಿದಾಗ ಚರ್ಚಿನ ಬಾಗಿಲಲ್ಲಿ ನಿಂತು ನಾನೇ ಹೇಳುತ್ತೇನೆ. ಆಮೇಲೆ ಹೊಸೂರಿನ ಬಸ್ಸು. ಅಲ್ಲಿನ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದೆ, ನಾಳೆಯೇ ಹೊರಡುತ್ತೇನೆ.