ಏಳು ಸೀಟಿನ ಗಾಡಿ

ಚಿತ್ತವಾಡ್ಗಿ, ಹೊಸಪೇಟೆ
8 ಅಕ್ಟೋಬರ್ 2007, ಸೋಮವಾರ

ತಂಗಿ ಶಾಂಭವಿಗೆ, ನಿನ್ನ ಅಣ್ಣ ಕೊಟ್ರಬಸಪ್ಪ ಮಾಡುವ ಆಶೀರ್ವಾದಗಳು.

‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯಲು ಪೆನ್ನು ತೆಗೆದೆ. ನಾವೆಲ್ಲ ಎನ್ನುವುದಕ್ಕೆ ಈ ಮನೆಯಲ್ಲಿ ನಾನೊಬ್ಬನೇ ಇರುವುದು ನೆನಪಾಗಿ ಕೈ ನಿಂತಿತು. ನಾನು ಕ್ಷೇಮ. ನೀನು, ನಿಮ್ಮ ಮೇಷ್ಟ್ರು, ಮಗಳು ಕಾವ್ಯ, ನಿನ್ನ ಅತ್ತೆ ಎರ್ರೆಮ್ಮನವರು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ನೀನು ಯುಗಾದಿಗೆ ಬರೆದ ಪತ್ರಕ್ಕೆ ದಸರೆಗೆ ಉತ್ತರ ಬರೆಯುತ್ತಿದ್ದೇನೆ. ತಪ್ಪಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದು ನೆವ ಹೇಳಬಹುದು, ಅದು ಸುಳ್ಳೂ ಅಲ್ಲ. ಸಂಡೂರಿನ ಗಣಿಗಳಿಂದ ಸುಟ್ಟುಹೋದ ಮೋಟರ್‌ಗಳು ಟೆಂಪೋಗಟ್ಟಲೆ ಬರುತ್ತಿವೆ. ತಾಮ್ರದ ತಂತಿ ಸುತ್ತಿ ಸುತ್ತಿ ನನ್ನ ಬೆರಳ ತುದಿಗಳು ಮರಗಟ್ಟಿವೆ. ಆದರೆ ಭಾನುವಾರಗಳು ಇದ್ದವಲ್ಲ! ಭಾನುವಾರ ಇಡೀ ದಿನ ಕಟ್ಟೆಯ ಮೇಲೆ ಕೂತು ಹೋಗುವ ಬರುವ ಆಟೋಗಳನ್ನು ನೋಡುತ್ತಿರುತ್ತೇನೆ. ಫೋನು ಮಾಡಬಹುದಿತ್ತು. ಫೋನು ಕಿವಿಗಿಟ್ಟರೆ ನಾನು ‘ಹೂಂ, ಆಯ್ತು, ಇಡ್ತೀನಿ’ ಎನ್ನುವ ಮೂರು ಮಾತಿನ ಮನುಷ್ಯ ಎಂದು ನಿನಗೇ ಗೊತ್ತು.

ಈಗ ಸುದ್ದಿಗೆ ಬರುತ್ತೇನೆ. ಕಾರು ಬದಲಿಸುತ್ತಿದ್ದೇನೆ.

ಹೋದ ವರ್ಷ ಸಂಕ್ರಾಂತಿಗೆ ಅದನ್ನು ತಂದಾಗ ಹೊಸಪೇಟೆಯಲ್ಲಿ ಕಾರಿಲ್ಲದವನೇ ಪಾಪಿ ಎನ್ನುವಂತಿತ್ತು. ನಿನ್ನೆ ಸೈಕಲ್ಲಿಗೆ ಪಂಕ್ಚರ್ ಹಾಕಿಸುತ್ತಿದ್ದವನು ಇವತ್ತು ಕಪ್ಪು ಗಾಜು ಏರಿಸಿಕೊಂಡು ಹೋಗುತ್ತಿದ್ದ. ಊರೆಲ್ಲ ಓಡುವಾಗ ನಾನೊಬ್ಬ ಯಾಕೆ ಕುಂಟಬೇಕೆಂದು ಸಣ್ಣದೊಂದು ಬಿಳಿ ಕಾರು ತಂದೆ. ಈ ಕೆಂಪು ಧೂಳಿನ ಸೀಮೆಗೆ ಬಿಳಿ ಕಾರು ತಂದವನ ಬುದ್ಧಿಗೆ ಏನೆನ್ನಬೇಕು? ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಇಟ್ಟಿಗೆ ಬಣ್ಣ. ಅದಿರಿನ ಲಾರಿಗಳು ರಸ್ತೆಯ ಉದ್ದಕ್ಕೂ ಎರಡು ಕಾಲುವೆ ತೋಡಿಟ್ಟಿವೆ, ನಡುವಿನ ದಿಬ್ಬಕ್ಕೆ ಇದರ ಹೊಟ್ಟೆ ಉಜ್ಜುತ್ತದೆ. ಸಂಡೂರಿನ ಏರಿನಲ್ಲಿ ಎ.ಸಿ. ಹಾಕಿದರೆ ಏರುವುದಿಲ್ಲ. ಏರಬೇಕೆಂದರೆ ಎ.ಸಿ. ಬಂದ್ ಮಾಡಿ, ಕಿಟಕಿ ತೆಗೆದು, ಧೂಳು ತಿನ್ನಬೇಕು. ಒಮ್ಮೆ ವಡ್ಡು ಊರಿನ ಹತ್ತಿರ ಗುಂಡಿಗೆ ಇಳಿದುಬಿಟ್ಟಿತು. ಪಾಳಿ ಮುಗಿಸಿ ಬರುತ್ತಿದ್ದ ಫ್ಯಾಕ್ಟರಿಯ ಐದಾರು ಮಂದಿ ನನ್ನನ್ನು ಒಳಗೆ ಕೂರಿಸಿಯೇ ಕಾರನ್ನು ಎತ್ತಿ ಪಕ್ಕಕ್ಕಿಟ್ಟರು. ಅವರಲ್ಲೊಬ್ಬ, “ಸಾವ್ಕಾರ್ರ, ಇದಕ್ಕೊಂದು ಹಿಡಿಕಿ ಹಚ್ಚಿಸ್ರಿ. ಚೀಲದಂಗ ಹಿಡ್ಕೊಂಡು ಅಡ್ಡಾಡಬೋದು” ಎಂದ. ನನಗೂ ನಗು ಬಂತು.

ಪಕ್ಕದ ಮನೆಯ ಹುಸೇನಮ್ಮ ಮಾತ್ರ ಮೊದಲಿನಿಂದಲೂ ಕಾರಿನ ಪರ. ನಾನು ಅದಕ್ಕೆ ಬೈದಾಗಲೆಲ್ಲ, “ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನಿನಗ ಹೊಡ್ಯಾಕ ಬರಂಗಿಲ್ಲ, ಅದೇನ್ ಮಾಡೀತು?” ಎನ್ನುತ್ತಾಳೆ. ಅವಳ ಬಾಯಿ ನಿನಗೆ ಗೊತ್ತಲ್ಲ.

ಇವೆಲ್ಲ ಚಿಲ್ಲರೆ ದೂರುಗಳು. ದೊಡ್ಡ ದೂರು ಯಾವುದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಹೋದ ವರ್ಷ ದೀಪಾವಳಿಗೆ ಮುಂಚೆ ಅವ್ವನನ್ನು ಕೂರಿಸಿಕೊಂಡು ಕಂಪ್ಲಿಗೆ, ನಿನ್ನ ಮನೆಗೆ ಹೊರಟಿದ್ದೆ. ರಾಮಸಾಗರದ ಆಚೆ ಎಂಜಿನ್ ಕಾದು ನಿಂತಿತು, ತಿರುಗಿ ಹೋಗುತ್ತಿದ್ದೇವೆ ಎಂದು ನಿನಗೆ ಫೋನು ಮಾಡಿದೆ. ಏಳು ವರ್ಷವಾದರೂ ಅವ್ವ ನಿನ್ನ ಮನೆ ನೋಡಿರಲಿಲ್ಲ. ಅದಕ್ಕೆ ಕಾರಣ ನಾನೇ. ನೀನು ಪಂಪೇಶ್ ಮೇಷ್ಟ್ರನ್ನು ಮದುವೆಯಾದಾಗ ನಮ್ಮ ಜಾತಿಯೇನು, ಅವರ ಕೇರಿಯೇನು ಎಂದು ಕೂಗಾಡಿ ಬಾಗಿಲು ಹಾಕಿಕೊಂಡವನು ನಾನು. ಹಾಸಿಗೆ ಹಿಡಿದ ಅವ್ವ ಬೆಳಗಾದರೆ ನಿನ್ನ ಹೆಸರು ಹಿಡಿಯತೊಡಗಿದ ಮೇಲೆ ಮೆತ್ತಗಾದೆ. ‘ಆಯ್ತವ್ವ, ಕರ್ಕೊಂಡ್ ಹೋಗ್ತೀನಿ’ ಎಂದಾಗ ಎರಡು ದಿನ ಮೊದಲೇ ಸೀರೆ ತೆಗೆದಿಟ್ಟುಕೊಂಡಿದ್ದಳು.

ಅವತ್ತು ನೀನು ರೊಟ್ಟಿ, ಎಣ್ಣೆಗಾಯಿ ಮಾಡಿಟ್ಟಿದ್ದೆಯಂತೆ. ಎರ್ರೆಮ್ಮನವರು ಅಂಗಳ ಸಾರಿಸಿ, ಹೊಸ ಕೌದಿ ಹಾಸಿ, ನನ್ನ ಫೋನು ಬಂದ ಮೇಲೂ ಸಂಜೆಯವರೆಗೆ ಬಾಗಿಲಲ್ಲೇ ಕೂತಿದ್ದರಂತೆ. ಅದಾದ ಹದಿನಾರನೆಯ ದಿನಕ್ಕೆ ಅವ್ವ ಹೋದಳು. ಮಣ್ಣಿಗೆ ಬಂದ ನೀನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹೊರಗೆ ನಿಂತಿದ್ದ ಕಾರಿನ ಗಾಲಿಗೆ ಜಾಡಿಸಿ ಒದ್ದು, “ಈ ಹಾಳಾದ್ದಕ್ಕ ಬೆಂಕಿ ಹಚ್ಚು ಅಣ್ಣ, ಅವ್ವನ್ನ ನನ್ನ ಮನಿಗೆ ಮುಟ್ಟಸಲಿಲ್ಲ ಇದು” ಎಂದು ಅಳತೊಡಗಿದೆ. ನಾನು ತಲೆಯಾಡಿಸಿದೆ.

ಅಂದಿನಿಂದ ಆ ಕಾರಿನಲ್ಲಿ ಕೂತರೆ ನನಗೆ ಕನ್ನಡಿ ನೋಡಲಾಗುವುದಿಲ್ಲ, ಹಿಂದಿನ ಸೀಟು ಕಾಣುತ್ತದೆ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟೆ. ಹಿಂದಿನಿಂದ ಬರುವ ಲಾರಿ ಕಾಣದೆ ಎರಡು ಸಲ ತೆಲುಗಿನಲ್ಲೂ ಒಂದು ಸಲ ಕನ್ನಡದಲ್ಲೂ ಬೈಸಿಕೊಂಡಿದ್ದೇನೆ.

ಕೊನೆಗೆ ಹೋದ ವಾರ ಶೋರೂಮಿಗೆ ಹೋದೆ. ಕತ್ತಿಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡ ಹುಡುಗಿಯೊಬ್ಬಳು ಕುರ್ಚಿ ಹಾಕಿ, ತಣ್ಣನೆ ನೀರು ಕೊಟ್ಟು, “ಮನ್ಯಾಗ ಎಷ್ಟ್ ಮಂದಿ ಅದೀರಿ ಸರ್?” ಎಂದಳು. ಏನೆನ್ನಿಸಿತೋ, “ಏಳು” ಎಂದುಬಿಟ್ಟೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಬೀಗ ಹಾಕಿ ಬಂದ ಮನೆಯೊಂದಿದೆ ಎಂದು ಅವಳಿಗೆ ಯಾಕೆ ಹೇಳಬೇಕು? ಅವಳು ಖುಷಿಯಾಗಿ ಎತ್ತರದ, ಏಳು ಸೀಟಿನ ಡೀಸೆಲ್ ಗಾಡಿಯ ಮುಂದೆ ನಿಲ್ಲಿಸಿದಳು. ದಿಬ್ಬಕ್ಕೆ ಹೊಟ್ಟೆ ತಾಗದು, ಏರಿಗೆ ದಮ್ಮು ಕಟ್ಟದು. ನಾನು ನಿಂತಲ್ಲೇ ಮನಸ್ಸಿನೊಳಗೆ ಒಬ್ಬೊಬ್ಬರನ್ನೇ ಕೂರಿಸಿದೆ. ನಾನು, ನೀನು, ಮೇಷ್ಟ್ರು, ಕಾವ್ಯ, ಎರ್ರೆಮ್ಮನವರು. ಆರನೆಯದು ಅವ್ವ ಎಂದು ಮನಸ್ಸು ಹೇಳಿತು. ಏಳನೆಯವರು ಯಾರೆಂದು ನನಗೂ ತಿಳಿಯದು.

ಓಡಿಸಿ ನೋಡಿ ಎಂದು ಗಾಡಿ ಕೊಟ್ಟು, ಪಕ್ಕದಲ್ಲಿ ತಮ್ಮವನೊಬ್ಬನನ್ನು ಕೂರಿಸಿದರು. ಕಮಲಾಪುರ ದಾಟಿ ಹಂಪಿಯವರೆಗೆ ಹೋದೆ. ದಾರಿಯಲ್ಲಿ ಹೊರದೇಶದ ಇಬ್ಬರು ಬಾಡಿಗೆ ಗಾಡಿಯೆಂದು ತಿಳಿದು ಕೈ ಮಾಡಿದರು. ನಿಲ್ಲಿಸಿ ಹತ್ತಿಸಿಕೊಳ್ಳೋಣ ಎನ್ನಿಸಿತು. ಭಾಷೆ ಬರದಿದ್ದರೇನು, ಹಿಂದಿನ ಸೀಟಿನಲ್ಲಿ ಯಾರದಾದರೂ ಮಾತು ಕೇಳಿಸುತ್ತಿತ್ತಲ್ಲ. ಶೋರೂಮಿನವನು ಬೇಡ ಎಂದ. ನನಗೆ ಭಾಳ ಒಂಟಿ ಎನ್ನಿಸುತ್ತದೆ ಶಾಂಭವಿ, ಇದನ್ನು ಸುತ್ತಿ ಬಳಸಿ ಹೇಳುವುದು ಬೇಡ.

ಹಳೆಯ ಕಾರನ್ನು ನೋಡಲು ನಿನ್ನೆ ಮರಿಯಮ್ಮನಹಳ್ಳಿಯ ಪಕೀರಪ್ಪ ಬಂದಿದ್ದ. ಖಾರದ ಗಿರಣಿಯವನು, ಅವನ ಮೋಟರ್ ನಾನೇ ಸುತ್ತಿಕೊಟ್ಟದ್ದು. ಹೆಂಡತಿಯನ್ನು ವಾರಕ್ಕೊಮ್ಮೆ ಬಳ್ಳಾರಿ ಆಸ್ಪತ್ರೆಗೆ ಒಯ್ಯಬೇಕಂತೆ, ಬಸ್ಸಿನಲ್ಲಿ ಅವಳಿಗೆ ಆಗುವುದಿಲ್ಲ. ಹೊಟ್ಟೆ ತಾಗುವುದು, ಎ.ಸಿ. ಕತೆ, ಒಂದನ್ನೂ ಮುಚ್ಚಿಡದೆ ಹೇಳಿದೆ. ಎಲ್ಲಕ್ಕೂ “ಇರ್ಲಿ ಬಿಡ್ರಿ” ಎಂದವನು, ಬಾನೆಟ್ಟಿನ ಮೇಲೆ ಕೈಯಿಟ್ಟು, “ಅಣ್ಣಾರ, ಕಂಪ್ಲಿ ದಾರ್ಯಾಗ ಎಂಜಿನ್ ಕೈಕೊಟ್ಟಿತ್ತಂತಲ್ರಿ? ಹಂಗಿದ್ರ ನನಗ ಬ್ಯಾಡ. ಹೆಂಡ್ತಿನ್ನ ಹಾಕ್ಕೊಂಡು ನಡುದಾರ್ಯಾಗ ನಾ ಏನ್ ಮಾಡ್ಲಿ? ಮೋಟರ್ ತಿಳದೋರು ನೀವು, ನೀವು ಹೇಳಿದ್ದ ಖರೆ” ಎಂದ. ಟೀ ತರುತ್ತೇನೆಂದು ಒಳಗೆ ಹೋದೆ.

ಈಗ ನಿನ್ನಲ್ಲಿ ಕೇಳಿಕೊಳ್ಳುವ ಮಾತು. ಇಪ್ಪತ್ತನೆಯ ತಾರೀಕು, ಆಯುಧಪೂಜೆಯ ದಿನ, ಹೊಸ ಗಾಡಿ ಕೈಗೆ ಬರುತ್ತದೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಎತ್ತಿನ ಬಂಡಿಯ ಕಾಲದಿಂದ, ಹೊಸದಾಗಿ ಏನೇ ಬಂದರೂ ಮನೆಮಗಳು ಆರತಿ ಎತ್ತಿ, ಅವಳೇ ಮೊದಲು ಹತ್ತಿ ಕೂರಬೇಕು. ನನ್ನ ಹಳೆಯ ಸ್ಕೂಟರಿಗೆ ಆರತಿ ಎತ್ತಿ, ಹಿಂದೆ ಕೂತು ಜಂಬುನಾಥನ ಗುಡ್ಡದವರೆಗೆ ಬಂದವಳು ನೀನು. ಈ ಸಣ್ಣ ಕಾರು ತಂದಾಗ ಅವ್ವ “ಮಗಳು ಇದ್ದೂ ಇಲ್ಲದಂಗ ಮಾಡ್ತೀಯಲ್ಲೋ” ಎಂದರೂ ನಿನ್ನನ್ನು ಕರೆಯಲಿಲ್ಲ. ಶೋರೂಮಿನ ವಾಚ್‌ಮನ್ ಕರ್ಪೂರ ಬೆಳಗಿದ.

ಈ ಸಲ ನೀನು ಇಲ್ಲಿಗೆ ಬರುವುದು ಬೇಡ. ಗಾಡಿಯನ್ನು ಶೋರೂಮಿನಿಂದ ನೇರ ಕಂಪ್ಲಿಗೆ ತರುತ್ತೇನೆ, ನಿಮ್ಮ ಕೇರಿಯ ನಡುವೆ ನಿಮ್ಮ ಬಾಗಿಲ ಮುಂದೆ ನಿಲ್ಲಿಸುತ್ತೇನೆ. ಆರತಿ ಅಲ್ಲೇ ಆಗಲಿ. “ಪೂಜಿ ಇಲ್ಲದ ಗಾಡಿ ಅಷ್ಟು ದೂರ ಹೊಡೀತಾರೇನೋ? ನಿಂಬೆಹಣ್ಣರ ತುಳಸ್ಕೊಂಡು ಹೋಗು” ಎಂದು ಹುಸೇನಮ್ಮ ರೇಗುತ್ತಿದ್ದಾಳೆ. ಗಾಲಿಯಡಿಗೆ ನಿಂಬೆಹಣ್ಣನ್ನೂ ನೀನೇ ಇಡಬೇಕು. ನಿನಗೆ ಸೀರೆ, ಎರ್ರೆಮ್ಮನವರಿಗೊಂದು ಸೀರೆ ತೆಗೆದಿದ್ದೇನೆ. ಬಣ್ಣ ಆರಿಸುವುದು ನನಗೆ ತಿಳಿಯದು, ಸರಿಯಿಲ್ಲದಿದ್ದರೆ ಬೈಯಿ. ಪಂಪೇಶರನ್ನು ಏನೆಂದು ಕರೆಯಬೇಕೋ ತಿಳಿಯದೆ ಎಂಟು ವರ್ಷ ‘ಮೇಷ್ಟ್ರು’ ಎಂದೇ ಕಳೆದೆ. ಅವತ್ತು ಅವರ ಮುಂದೆಯೇ ‘ಅಳಿಯಂದಿರೇ’ ಎನ್ನುತ್ತೇನೆ. ಅವರು ನಕ್ಕರೆ ನಗಲಿ.

ಗಾಡಿ ತರಬಹುದೋ ಬೇಡವೋ, ಒಂದು ಸಾಲು ಬರೆ. ಕಾವ್ಯಳಿಗೆ ನನ್ನ ಮುದ್ದು. ಆಕೆ ಚೆನ್ನಾಗಿ ಓದಲಿ, ನಿಮ್ಮ ಮನೆ ತುಂಬಿರಲಿ, ನಿನ್ನ ಅರಿಶಿನ ಕುಂಕುಮ ನೂರು ವರ್ಷ ಗಟ್ಟಿಯಾಗಿರಲಿ. ಹಿರಿಯರಾದ ಎರ್ರೆಮ್ಮನವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಣ್ಣ,
ಕೊಟ್ರಬಸಪ್ಪ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ಓದಿದ ಮೇಲೆ ‘ಗಾಡಿ ತರಬೇಡ’ ಎಂದೇ ಬರೆಯಬೇಕೆನ್ನಿಸಿದರೆ ಹಾಗೇ ಬರೆ. ಪಕೀರಪ್ಪನಿಗೆ ಟೀ ಕೊಟ್ಟು, “ಎಂಜಿನ್ ಒಂದ್ ಸಲಾನೂ ಕೈಕೊಟ್ಟಿಲ್ಲ ಪಕೀರಪ್ಪ” ಎಂದೆ. ಅದು ನಿಜ. ಅವತ್ತೂ ಕೈಕೊಟ್ಟಿರಲಿಲ್ಲ. ರಾಮಸಾಗರ ದಾಟಿದ ಮೇಲೆ, ಅಷ್ಟು ದೂರದಲ್ಲಿ ರೈಸ್ ಮಿಲ್ಲಿನ ಮುಂದೆ ನಮ್ಮ ಸಂಬಂಧಿಕರು ನಾಲ್ಕು ಮಂದಿ ನಿಂತಿದ್ದು ಕಂಡಿತು. ತಡೆದು ‘ಎತ್ತ ಹೊಂಟೀರಿ’ ಎನ್ನುತ್ತಾರೆ, ನಿಮ್ಮ ಕೇರಿಯ ಹೆಸರು ಹೇಳಬೇಕಾಗುತ್ತದೆ ಎಂದು ಹೆದರಿದೆ. ಅವರು ನೋಡುವ ಮೊದಲೇ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ, “ಎಂಜಿನ್ ಕಾದೈತವ್ವ, ಮುಂದಕ್ಕ ಹೋಗಂಗಿಲ್ಲ” ಎಂದೆ. ಮೋಟರ್ ಬಲ್ಲ ಮಗನ ಮಾತು, ಅವ್ವ ನಂಬಿದಳು. ಗುಳಿಗೆ ನುಂಗಲು ತಂದಿದ್ದ ನೀರಿನ ಬಾಟಲಿಯನ್ನು ಕಿಟಕಿಯಿಂದ ಚಾಚಿ, “ಪಾಪ, ಅದಕ್ಕ ಹಾಕಪ್ಪ, ಆರ್ಲಿ. ಎಷ್ಟೊತ್ತಾದ್ರೂ ನಾ ಕಾಯ್ತೀನಿ” ಎಂದಳು. ಎಂಜಿನ್ ಪಕ್ಕದ ನೀರಿನ ಡಬ್ಬಿ ತುಂಬಿಯೇ ಇತ್ತು. ಅವಳಿಗೆ ಸದ್ದು ಕೇಳಿಸಲೆಂದು ಬಾಟಲಿಯನ್ನು ಅದರ ಮೇಲೆ ಬೋರಲು ಹಾಕಿದೆ, ನೀರೆಲ್ಲ ನೆಲಕ್ಕೆ ಹೋಯಿತು. ಮುಂದೆ ನಾಲ್ಕು ಕಿಲೋಮೀಟರ್ ಹೋಗಲಾರದ ಕಾರು ಹಿಂದಕ್ಕೆ ಇಪ್ಪತ್ತೈದು ಕಿಲೋಮೀಟರ್ ಎಲ್ಲೂ ನಿಲ್ಲದೆ ಬಂತು. ಅದು ಹೇಗೆ ಎಂದು ಅವ್ವ ಕೇಳಲಿಲ್ಲ. ದಾರಿಯುದ್ದಕ್ಕೂ ಗುಳಿಗೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಮನೆಗೆ ಬಂದ ಮೇಲೆ ನೀರು ಕೇಳಿ ನುಂಗಿದಳು.