ಗೇಟಿನವನ ಮಗಳು

ಜುಲೈ 8, ಮಂಗಳವಾರ. ಬೆಳಿಗ್ಗೆ 7
ಮೋಟರ್ ಹಾಕಿದೆ. ಟ್ಯಾಂಕ್ ನೋಡಲು ಈಗ ಯಾರೂ ಟೆರೇಸಿಗೆ ಹತ್ತುವುದಿಲ್ಲ. ತುಂಬಿ ನೀರು ಹೊರಗೆ ಸುರಿದ ಮೇಲೆ ಆಫ್ ಮಾಡುತ್ತೇನೆ. ಪಕ್ಕದ ಮನೆಯವರು ಬೈದರೆ ಬೈಯಲಿ. ನಮ್ಮ ಯಜಮಾನರು ಇದ್ದಾಗ ದಿನಾ ಮೇಲೆ ನಿಂತು ಕೂಗುತ್ತಿದ್ದರು— "ಸುಮಾ, ಸಾಕು, ಆಫ್ ಮಾಡೇ!" ಎರಡು ತಿಂಗಳಾಯಿತು ಹೋಗಿ.

ಮಗಳು ಧನುಶ್ರೀಗೆ ಸೆಕೆಂಡ್ ಪಿಯುಸಿ ಕನ್ನಡ ಅಸೈನ್‌ಮೆಂಟ್. ಒಂದು ಹಳೆಯ ಕಥೆಯ ವಸ್ತು, ಶೈಲಿ, ತಂತ್ರ ವಿವರಿಸಬೇಕಂತೆ. ಬ್ಯಾಟರಾಯನಪುರದಿಂದ ಗೈಡ್ ತಂದಿದ್ದಾಳೆ. ಫೇರ್ ಕಾಪಿ ಮಾತ್ರ ನನ್ನ ಕೆಲಸ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಅಕ್ಷರ ದುಂಡಗೆ. ಅವಳದ್ದು ಕಾಗೆ ಕಾಲು, ಗುಬ್ಬಿ ಕಾಲು.

ಜುಲೈ 10, ಗುರುವಾರ
ಕಥೆ ಓದಿದೆ. ರೈಲ್ವೆ ಗೇಟ್ ಕಾಯುವವನೊಬ್ಬ ತಾನೇ ಹೇಳುವ ಕಥೆ. ಒಂದು ಸಂಜೆ ಹಳಿಯ ಮೇಲೆ ಎತ್ತಿನ ಗಾಡಿ ಸಿಕ್ಕಿಕೊಳ್ಳುತ್ತದೆ. ಗಾಡಿಯವನು ಕೂಗುತ್ತಾನೆ. ಇವನು ಹೋಗುವುದಿಲ್ಲ. ರೈಲು ಬಂದುಬಿಡುತ್ತದೆ. ಆಮೇಲೆ ಕೇಳಿದವರಿಗೆಲ್ಲ ಒಂದೇ ಮಾತು— ಗಾಳಿ ಬೀಸುತ್ತಿತ್ತು, ಕೇಳಿಸಲಿಲ್ಲ.

ಗೈಡಿನಲ್ಲಿ ಇದೆ: ಗಾಳಿ ವಿಧಿಯ ಸಂಕೇತ. ಬರೆದುಕೊಂಡೆ. ಬರೆಯುತ್ತಾ ಯಾಕೋ ಮನಸ್ಸು ಹಗುರಾಯಿತು.

ಧನು ನೋಡಿ ನಕ್ಕಳು. "ಇದನ್ನೇ ಕ್ಲಾಸಲ್ಲಿ ಅರ್ವತ್ ಜನ ಬರೀತಾರಮ್ಮ. ಗೈಡ್ ಬರ್ದೋನಿಗೆ ಎಲ್ಲಾ ವಿಧೀನೇ. ಬಸ್ ತಪ್ಪಿದ್ರೂ ವಿಧಿ."

"ಇನ್ನೇನ್ ಬರೀತೀಯ ಮತ್ತೆ, ಮಹಾರಾಣಿ?"

"ನಾನೇ ಬರ್ದು ಕೊಡ್ತೀನಿ, ತಡಿ."

ಎಷ್ಟೋ ದಿನದ ಮೇಲೆ ನಕ್ಕಳು.

ಜುಲೈ 12, ಶನಿವಾರ
ಹಿಂದಿನ ಬೀದಿಯ ಬದರುನ್ನೀಸಾ ಮಾತಾಡಿಸಲು ಬಂದಿದ್ದರು. ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದವರು. ಸುದ್ದಿ ತಡವಾಗಿ ತಿಳಿಯಿತಂತೆ. ಕೈ ಹಿಡಿದುಕೊಂಡು ಕೂತರು.

"ಹೆಂಗಾಯ್ತಮ್ಮಾ? ಮುನಿರಾಜಣ್ಣ ಗುಂಡುಕಲ್ಲಿನಂಗಿದ್ರಲ್ಲ."

ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ. "ಟ್ಯಾಂಕ್ ನೋಡಕ್ಕೆ ಮೇಲ್ ಹೋದ್ರು. ಅಲ್ಲೇ ಎದೆನೋವು. ಕೂಗಿರ್ಬೇಕು. ಕುಕ್ಕರ್ ಕೂಗ್ತಿತ್ತು, ಕೇಳಿಸ್ಲಿಲ್ಲ."

"ನಿನ್ ತಪ್ಪೇನೈತೆ ಬಿಡು. ಯಾರ್ಗೂ ಕೇಳಿಸ್ತಿರ್ಲಿಲ್ಲ."

ಧನು ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟ ಇಟ್ಟು ಒಳಗೆ ಹೋದಳು.

ಜುಲೈ 13, ಭಾನುವಾರ. ಮಧ್ಯಾಹ್ನ
ಅವಳು ಬರೆದದ್ದು ಕೊಟ್ಟಳು. ಎರಡು ಪುಟ. ನೋಡಿಕೊಂಡು ಬರೆಯುತ್ತಾ ಹೋದೆ.

"ಗಾಳಿಯ ಮಾತು ಕಥೆಯಲ್ಲಿ ಮೂರು ಸಲ ಬರುತ್ತದೆ. ಮೂರೂ ಸಲ ಅದೇ ವಾಕ್ಯ. ಪುನರಾವರ್ತನೆ ಇಲ್ಲಿನ ಮುಖ್ಯ ತಂತ್ರ. ಆದರೆ ಇಡೀ ಕಥೆಯಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಹೊರಗಿಟ್ಟ ದೀಪ ಆರುವುದಿಲ್ಲ. ಗಾಳಿ ಸಂಕೇತವಲ್ಲ, ನೆಪ. ಅವನಿಗೆ ಕೇಳಿಸಿತ್ತು."

ನನ್ನದೇ ಕೈ, ನನ್ನದೇ ದುಂಡು ಅಕ್ಷರ. ಕೇಳಿಸಿತ್ತು.

ಎರಡನೇ ಪುಟ ಓದಲಿಲ್ಲ. ಎರಡನ್ನೂ ಅಕ್ಕಿ ಡಬ್ಬದ ಕೆಳಗೆ ತಳ್ಳಿದೆ.

ಗೊತ್ತು ಇವಳಿಗೆ.

ಜುಲೈ 19, ಶನಿವಾರ
ಆರು ದಿನ ಈ ಡೈರಿ ಮುಟ್ಟಲಿಲ್ಲ. ಇವತ್ತು ಕೇಳಿದಳು, "ಫೇರ್ ಆಯ್ತಾಮ್ಮ? ಸೋಮವಾರ ಲಾಸ್ಟ್ ಡೇಟ್."

"ಆಗುತ್ತೆ" ಅಂದೆ. ಮುಖ ನೋಡಲಿಲ್ಲ.

ಈ ಪುಸ್ತಕದ ಹಿಂದಿನ ಪುಟ ತಿರುವಿದೆ. ಮೇ 12: ಕುಕ್ಕರ್ ಕೂಗುತ್ತಿತ್ತು, ಕೇಳಿಸಲಿಲ್ಲ. ಮೇ 20: ಅದೇ. ಜೂನ್‌ನಲ್ಲೂ ಅದೇ ಸಾಲು. ಓದುವವರೇ ಇಲ್ಲದ ಪುಸ್ತಕ. ಇಲ್ಲಿ ಯಾರಿಗೆ ಹೇಳುತ್ತಿದ್ದೆ?

ಅವತ್ತು ಕುಕ್ಕರ್ ಇಟ್ಟೇ ಇರಲಿಲ್ಲ. ದೋಸೆ ಹಾಕುತ್ತಿದ್ದೆ. ಯಲಹಂಕ ಕಡೆಯ ವಿಮಾನದ ಸದ್ದೂ ಇರಲಿಲ್ಲ. ಹಿಂದಿನ ದಿನ ಜಗಳ— ಬಿಪಿ ಮಾತ್ರೆ ನುಂಗಿ ಅಂದಿದ್ದಕ್ಕೆ ರೇಗಿದ್ದರು. "ಸುಮಾ" ಅಂದರು ಮೇಲಿಂದ. ಸ್ಪಷ್ಟವಾಗಿ ಕೇಳಿಸಿತು. ಮೋಟರ್‌ಗೆ ಅಂದುಕೊಂಡೆ. ಬೇಕಾದರೆ ತಾವೇ ಇಳಿದು ಬಂದು ಆಫ್ ಮಾಡಲಿ ಎಂದು ದೋಸೆ ಮಗುಚಿದೆ. ಇನ್ನೊಂದು ಸಲ ಕೂಗಿದರು. ದನಿ ಸಣ್ಣಗಿತ್ತು.

ಆಮೇಲೆ ನೀರು ಸುರಿಯುವ ಸದ್ದು. ಎಷ್ಟೋ ಹೊತ್ತು...

ಜುಲೈ 20, ಭಾನುವಾರ. ಬೆಳಿಗ್ಗೆ 6.40
ಡಬ್ಬದ ಕೆಳಗಿನಿಂದ ಎರಡನೇ ಪುಟ ತೆಗೆದೆ. ನನ್ನನ್ನೇ ಬೈದು ಬರೆದಿರುತ್ತಾಳೆ ಅಂದುಕೊಂಡಿದ್ದೆ.

"ಈ ಕಥೆಯಲ್ಲಿ ಇನ್ನೊಬ್ಬಳಿದ್ದಾಳೆ. ಗೇಟಿನವನ ಮಗಳು. ಅವಳ ಬಗ್ಗೆ ಇರುವುದು ಒಂದೇ ಸಾಲು: ಚಾಪೆಯ ಮೇಲೆ ಮಗು ಮಗ್ಗುಲು ಬದಲಿಸಿತು. ಅಂದರೆ ಅವಳಿಗೆ ಎಚ್ಚರವಿತ್ತು. ಅವಳಿಗೂ ಕೂಗು ಕೇಳಿಸಿತ್ತು. ಅಪ್ಪ ಹೋಗುತ್ತಾನೆ ಅಂದುಕೊಂಡು ಮಲಗಿದಳು. ಅಪ್ಪ ಗಾಳಿ ಎಂದಾಗಲೆಲ್ಲ ಅವಳು ಸುಮ್ಮನಿರುತ್ತಾಳೆ. ಗಾಳಿ ಇದ್ದದ್ದು ನಿಜವಾದರೆ ಅವಳಿಗೂ ಕೇಳಿಸಿಲ್ಲ ಎಂದಾಗುತ್ತದೆ. ಲೇಖಕರು ಇದನ್ನು ಹೇಳದೆ ಬಿಟ್ಟಿದ್ದಾರೆ. ಹೇಳದೆ ಬಿಡುವುದೂ ಒಂದು ತಂತ್ರ."

ಅವತ್ತು ಕಾಲೇಜಿಗೆ ರಜೆ. ಧನು ರೂಮಿನಲ್ಲಿದ್ದಳು. ಮಗು ನಿದ್ದೆಯಲ್ಲಿತ್ತು ಎಂದೇ ಎಲ್ಲರಿಗೂ ಹೇಳಿದ್ದೇನೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ದೇವರೇ. ಹದಿನೇಳು ವರ್ಷ ಅವಳಿಗೆ. ಎರಡು ತಿಂಗಳಿಂದ ನನ್ನ ಸುಳ್ಳಿನೊಳಗೆ ಅವಳೂ ಅಡಗಿ ಕೂತಿದ್ದಾಳೆ. ಬಂದವರ ಮುಂದೆ ಟೀ ಇಡುತ್ತಾ.

ಇವತ್ತೇ ಹೇಳಬೇಕು. ಮೊದಲು ನಾನು. ನಿಂದೇನೂ ಇಲ್ಲ ಕಣೇ, ನಂಗೆ ಕೇಳಿಸಿತ್ತು, ನಾನೇ...

ಮೋಟರ್ ಓಡುತ್ತಿದೆ. ನಾನು ಹಾಕಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಧನು ಟೆರೇಸಿಗೆ ಹೋಗುತ್ತಿದ್ದಾಳೆ. ಅವತ್ತಿನಿಂದ ಯಾರೂ ಹತ್ತಿರಲಿಲ್ಲ.

"ಅಮ್ಮಾ" ಅಂದಳು. ಮೋಟರ್‌ಗೇ ಇರಬೇ—