ಸವತಿಯ ಸೀಟು

ತರಬೇತಿ ಕೇಂದ್ರದ ಹಾಸ್ಟೆಲ್, ಕೋಣೆ ಹನ್ನೊಂದು
ತಾರೀಖು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಅರವತ್ತೆರಡು ಸಾವಿರ ಕಿಲೋಮೀಟರುಗಳ ಒಡೆಯನೂ, ಸದ್ಯ ಬಲಗಾಲನ್ನು ದಿಂಬಿನ ಮೇಲೇರಿಸಿ ಮಂಚದಲ್ಲಿ ವಿರಾಜಮಾನನೂ ಆದ ಅಣ್ಣನ ಸನ್ನಿಧಾನಕ್ಕೆ, ತಂಗಿ ತರಲೆಯ ಉದ್ದಂಡ ನಮಸ್ಕಾರಗಳು.

ಬಿದ್ದಾಗ ಒಡೆದ ನಿನ್ನ ಕನ್ನಡಕ ಇನ್ನೂ ಅಂಗಡಿಯಿಂದ ಬಂದಿಲ್ಲವಂತೆ. ಅಂದಮೇಲೆ ಇದನ್ನು ಓದಿ ಹೇಳುತ್ತಿರುವವರು ಅತ್ತಿಗೆ. ಅತ್ತಿಗೆ, ಬಾಯಲ್ಲಿರುವ ಗುಂಡುಸೂಜಿಗಳನ್ನು ಮೊದಲು ತೆಗೆದಿಡಿ. ಆಮೇಲೆ ಗಟ್ಟಿಯಾಗಿ ಓದಿ, ಒಂದಕ್ಷರವೂ ಬಿಡಬೇಡಿ. ಇದು ತಪ್ಪೊಪ್ಪಿಗೆ. ನಡುನಡುವೆ ನಗು ಬಂದರೆ ಅದು ನನ್ನ ಹುಟ್ಟುಗುಣ, ಪಶ್ಚಾತ್ತಾಪಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಸೈಕಲ್ ಸಂಘದ ಪತ್ರಿಕೆಯಲ್ಲಿ ನೀನು ಬರೆದ ವಿದಾಯದ ಲೇಖನ ನನಗೂ ತಲುಪಿತು. ಎಂಟು ವರ್ಷ, ಒಂದೇ ಸೈಕಲ್. ಅದನ್ನು ತಯಾರಿಸಿದ ದೊಡ್ಡ ಕಂಪನಿಯ ಹೆಸರು ಎರಡು ಪುಟದಲ್ಲಿ ಇಪ್ಪತ್ತಮೂರು ಸಲ ಬಂದಿದೆ, ಎಣಿಸಿದೆ. ಅತ್ತಿಗೆಯ ಹೆಸರು ಒಂದು ಸಲ, ಅದೂ ಊಟದ ಡಬ್ಬಿಯ ಪ್ರಸ್ತಾಪದಲ್ಲಿ. ಚೈನು ಆರು ಬದಲಾಯಿತು, ಟೈರು ಹದಿನೇಳು, ಆದರೆ ಸೀಟಿನ ಎತ್ತರ ಏಳುನೂರ ನಲವತ್ತೆರಡು ಮಿಲಿಮೀಟರು, ಎಂಟು ವರ್ಷದಲ್ಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ ಎಂದು ಬರೆದಿದ್ದೀಯ. ಕೊನೆಗೆ ಆ ಸಾಲು: ಸೈಕಲ್ ಬದಲಾಗಿಲ್ಲ, ಬದಲಾದದ್ದು ನಾನು.

ಅಣ್ಣಾ, ಆ ಸಾಲು ಓದಿ ನಾನು ಅನ್ನದ ತಟ್ಟೆ ತಳ್ಳಿ ಎದ್ದುಹೋದೆ.

ಹೋದ ವರ್ಷದ ಆ ಊಟ ನೆನಪಿದೆಯಾ? ಒಂದು ಮಿಲಿಮೀಟರ್ ಆಚೀಚೆಯಾದರೂ ನನ್ನ ಮೈಗೆ ಗೊತ್ತಾಗುತ್ತೆ ಕಣೇ ಅಂತ ನೀನು ಕೊಚ್ಚಿಕೊಂಡೆ. ಗೊತ್ತಾಗೋದು ನನಗೆ ಬಿಡು, ನನ್ನ ಸವತಿಗೆ ಒಂದು ಗೀರು ಬಿದ್ರೂ ನಿಮ್ಮಣ್ಣ ಜ್ವರ ಬಂದು ಮಲಗ್ತಾರೆ ಅಂದರು ಅತ್ತಿಗೆ. ಸೈಕಲ್ಲಿಗೆ ಸವತಿ ಎಂಬ ನಾಮಕರಣ ಮಾಡಿದ ಪುಣ್ಯ ಅವರದೇ. ನೀನು ನಕ್ಕು, ಎದ್ದು, ಸವತಿಯ ಬಳಿ ಹೋದೆ. ತಟ್ಟೆ ಅಲ್ಲೇ ಬಿಟ್ಟು.

ನನಗೆ ತಲೆ ಕೆಡಿಸಲು ಅಷ್ಟು ಸಾಕಾಗಿತ್ತು. ತಿಂಗಳಿಗೊಮ್ಮೆ ನೀನು ಸೀಟಿನ ಕೊಳವೆ ಕಳಚಿ, ಒರೆಸಿ, ಅದಕ್ಕೆ ಸುತ್ತಿದ ಕಪ್ಪು ಟೇಪಿನ ಗುರುತಿಗೆ ಸರಿಯಾಗಿ ಮತ್ತೆ ಇಳಿಬಿಡುತ್ತಿದ್ದೆ. ಟೈರಿನ ಗಾಳಿಯನ್ನು ಎರಡೆರಡು ಸಲ ಅಳೆಯುವ ಮಹಾನುಭಾವ ಈ ಎತ್ತರವನ್ನು ಮಾತ್ರ ಅಳೆಯುತ್ತಿರಲಿಲ್ಲ. ಟೇಪು ಹೇಳಿದ್ದೇ ವೇದವಾಕ್ಯ. ಸರಿ, ನಾನು ವೇದವನ್ನೇ ತಿದ್ದಿದೆ. ನೀನು ಸ್ನಾನಕ್ಕೆ ಹೋದಾಗ ಸೀಟನ್ನು ಒಂದು ಮಿಲಿಮೀಟರ್ ಇಳಿಸಿ, ಹಳೆಯ ಟೇಪು ಕಿತ್ತು, ಹೊಸದನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಒಂದು ಮಿಲಿಮೀಟರ್ ಮೇಲೆ ಸುತ್ತಿದೆ. ವಾರಕ್ಕೊಂದು. ಆರು ವಾರ.

ನಿನ್ನ ಮೈಗೆ ಗೊತ್ತಾಗಲಿಲ್ಲ. ಮೂರನೇ ವಾರ ಸೈಕಲ್ ಈಚೆಗೆ ಇನ್ನೂ ಹದವಾಗಿದೆ ಅಂದೆ ನೀನು. ನಾನು ಬಚ್ಚಲಿಗೆ ಓಡಿ, ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆ.

ಇಂಥ ಘನಕಾರ್ಯಕ್ಕೆ ಸಾಕ್ಷಿ ಬೇಡವೇ? ಅತ್ತಿಗೆಗೆ ತೋರಿಸಿದೆ. ಅವರು ನಕ್ಕ ನಗುವಿಗೆ ಹೊಲಿಗೆಯಂತ್ರದ ಮೇಲಿನ ಗುಂಡಿಯ ಡಬ್ಬಿ ಉರುಳಿತು. ಇಷ್ಟೇನಾ, ಸೀಟು ಸಡಿಲಿಸೋ ಈ ಕೀಲಿ ಯಾವ ಕಡೆ ತಿರುಗಿಸ್ತೀಯೇ ಅಂತ ಕೇಳಿದರು. ತೋರಿಸಿದೆ. ಅವರದೇನೂ ತಪ್ಪಿಲ್ಲ, ನಕ್ಕದ್ದೇ ತಪ್ಪೆಂದರೆ ನಮ್ಮ ವಂಶವೇ ಜೈಲಿನಲ್ಲಿರಬೇಕು.

ಏಳನೇ ವಾರ ಊಟದ ಹೊತ್ತಿಗೆ ಎಲ್ಲ ಬಯಲು ಮಾಡುವುದೆಂದು ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ತರಬೇತಿಗೆ ಕರೆ ಬಂತು, ಪೆಟ್ಟಿಗೆ ಕಟ್ಟಿ ಬಂದುಬಿಟ್ಟೆ. ಇಲ್ಲಿ ಕಬ್ಬಿಣ ಉಜ್ಜುವುದು, ಅಳೆಯುವುದು, ಬೈಸಿಕೊಳ್ಳುವುದು. ಮರೆತೆ. ಆಣೆ ಮಾಡಿ ಹೇಳುತ್ತೇನೆ, ಮರೆತೇಬಿಟ್ಟೆ.

ಆಮೇಲಿನದೆಲ್ಲ ಫೋನಿನಲ್ಲಿ ಕೇಳಿದ್ದು. ಏರಿನಲ್ಲಿ ಸಂಘದವರು ನಿನ್ನನ್ನು ಹಿಂದಿಕ್ಕಲು ಶುರುಮಾಡಿದರಂತೆ. ಮೊಣಕಾಲ ಮುಂಭಾಗ ನೋವಂತೆ. ಮೂಳೆ ಡಾಕ್ಟರು ಸೀಟೇನಾದರೂ ತಗ್ಗಿದೆಯಾ ಎಂದು ಕೇಳಿದ್ದಕ್ಕೆ, ಎಂಟು ವರ್ಷದಿಂದ ಟೇಪು ಇದ್ದಲ್ಲೇ ಇದೆ ಸಾರ್ ಎಂದೆಯಂತೆ. ಹಾಗಾದ್ರೆ ವಯಸ್ಸು ಕಣ್ರೀ ಅಂದರಂತೆ ಅವರು. ನಿನಗೆ ನಲವತ್ತೊಂದು. ಏಳು ಸಲ ಮುಗಿಸಿದ ಮುನ್ನೂರು ಕಿಲೋಮೀಟರಿನ ಸವಾರಿಯನ್ನು ಎಂಟನೇ ಸಲ ನೂರತೊಂಬತ್ತಕ್ಕೆ ಬಿಟ್ಟೆ; ಬಿಟ್ಟದ್ದಲ್ಲ, ಸಿಗ್ನಲ್ಲಿನಲ್ಲಿ ಮೊಣಕಾಲ ನೋವಿಗೆ ಕಾಲು ಊರಲಾಗದೆ ಇಡೀ ಸಂಘದ ಮುಂದೆ ಮೂಟೆಯಂತೆ ಬಿದ್ದೆ. ಅವರು ನಿನಗೆ ಶಾಲು ಹೊದಿಸಿ ಹಿರಿಯ ಸಲಹೆಗಾರನನ್ನಾಗಿ ಮಾಡಿದರು. ಹಳೆಯ ಕುರ್ಚಿಗೆ ಹೊಸ ಗವಸು. ನೀನು ಸವತಿಯನ್ನು ನನಗೆ ಕಳಿಸಿಬಿಟ್ಟೆ, ನನ್ನ ಎತ್ತರವೂ ನಿನ್ನದೇ ಎಂದು.

ಅವಳೀಗ ನನ್ನ ಮಂಚದ ಪಕ್ಕ ಗೋಡೆಗೆ ಒರಗಿದ್ದಾಳೆ. ಹೋದ ಭಾನುವಾರ ಹತ್ತಿ ಕೂತೆ. ಮೊಣಕಾಲು ಎದೆಗೆ ಬಡಿಯಿತು.

ಅಣ್ಣಾ, ನೀನು ಬದಲಾಗಿರಲಿಲ್ಲ. ಸೈಕಲ್ ಬದಲಾಗಿತ್ತು. ಬೈಯಿ, ಹೊಡಿ, ಮುಖ ನೋಡಬೇಡ. ಆದರೆ ಮುದುಕನಾದೆ ಎಂದು ಮಾತ್ರ ಅಂದುಕೊಳ್ಳಬೇಡ. ಕಾಲು ವಾಸಿಯಾದ ಮೇಲೆ ಸವತಿಯನ್ನು ನಾನೇ ತಂದು ನಿನ್ನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಅಲ್ಲಿಯವರೆಗೆ ಅತ್ತಿಗೆ ಮಾಡುವ ಎಣ್ಣೆ ಉಪಚಾರ ನಡೆಯಲಿ. ಈಗ ಭಾನುವಾರವೆಲ್ಲ ಇವರು ಮನೆಯಲ್ಲೇ, ಎಂಟು ವರ್ಷಕ್ಕೆ ಇದೇ ಮೊದಲು ಅಂತ ಮೊನ್ನೆ ಫೋನಿನಲ್ಲಿ ಎಷ್ಟು ಖುಷಿಯಾಗಿ ಹೇಳಿದರು.

ಇತಿ ನಿನ್ನ ಪಾಪಿ ತಂಗಿ,
ತರಲೆ

ತಾಜಾ ಕಲಂ: ತಪ್ಪೊಪ್ಪಿಗೆಗೆ ಲೆಕ್ಕ ಸರಿಯಿರಬೇಕಲ್ಲ, ಇಲ್ಲಿನ ಉಕ್ಕಿನ ಅಳತೆಪಟ್ಟಿಯಿಂದ ಸೀಟು ಅಳೆದೆ. ನಾನು ಬಿಟ್ಟು ಬಂದಾಗ ಏಳುನೂರ ಮೂವತ್ತಾರು ಇರಬೇಕಿತ್ತು. ಇರುವುದು ಏಳುನೂರ ಹದಿನಾಲ್ಕು. ಉಳಿದ ಇಪ್ಪತ್ತೆರಡು ಮಿಲಿಮೀಟರ್ ನನ್ನವಲ್ಲ. ಟೇಪೂ ನನ್ನದಲ್ಲ. ಅದರ ಅಂಚು ಬ್ಲೇಡಿನ ಹಾಗೆ ನೇರವಾಗಿಲ್ಲ, ಸಣ್ಣ ಸಣ್ಣ ಹಲ್ಲು ಹಲ್ಲಾಗಿದೆ. ಬಟ್ಟೆಯ ನೂಲು ಬಿಚ್ಚದಿರಲೆಂದು ದರ್ಜಿಗಳು ಇಟ್ಟುಕೊಳ್ಳುವ ಹಲ್ಲಿನ ಕತ್ತರಿಯದು. ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಇದೆ. ಅದನ್ನು ನೀನು ಒಮ್ಮೆ ಮುಟ್ಟಿದ್ದಕ್ಕೆ ನಾಲ್ಕು ದಿನ ಮನೆಯಲ್ಲಿ ಮಾತಿರಲಿಲ್ಲ, ನೆನಪಿದೆಯಾ?

ಅತ್ತಿಗೆ, ಯಾಕೆ ನಿಲ್ಲಿಸಿದಿರಿ? ಓದಿ. ಅಣ್ಣ ಕಾಯುತ್ತಿದ್ದಾನೆ.